ಮೊದಲ ತುತ್ತು

ಬರಗಾಲದಲ್ಲಿ ಊರಿನ ಅಕ್ಕಿಯನ್ನೆಲ್ಲ ಕದ್ದು ಮಾರಿಕೊಂಡ ಇವಾಮುರೊ ದೊರೆ, ನಾಡನ್ನಾಳುವ ಶೋಗನ್‌ನ ಆಜ್ಞೆಯಂತೆ ಹೊಟ್ಟೆ ಸೀಳಿಕೊಂಡು ಸತ್ತ. ವಿಷದ ಭಯಕ್ಕೆ, ಉಣ್ಣುವ ಮುಂಚೆ ರುಚಿ ನೋಡಲು ಅವನು ಇಟ್ಟುಕೊಂಡಿದ್ದ ಆಳು ನಾನು. ಮರುದಿನ ಅವನಿಗೆ ಎಡೆಯಿಡುವಾಗ ಅಭ್ಯಾಸಬಲದಿಂದ ಒಂದು ತುತ್ತು ತಿಂದುಬಿಟ್ಟೆ. ಸತ್ತವನ ಎಡೆ ಎಂಜಲಾಯಿತು. ಹಬೆಯಾಡುತ್ತಿದ್ದ ಅನ್ನ ಬಾಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಅಂದಿನಿಂದ ನನ್ನ ಬಟ್ಟಲಲ್ಲಿ ಮೊದಲೇ ಒಂದು ತುತ್ತು ಕಡಿಮೆ ಇರುತ್ತದೆ. ಊಟದ ಕಡ್ಡಿಗಳಿಂದ ಎತ್ತಿದಂಥ ಗುಳಿ. ಅಲ್ಲಿ ಮಾತ್ರ ಅನ್ನ ತಣ್ಣಗೆ.

“ನೀನೇ ತಿಂದ್ಯೇನೇ, ಓಸೆನ್?” ಎಂದು ಹೆಂಡತಿಯನ್ನು ಕೇಳಿದೆ.

“ಸತ್ತೋರ ಎಡೆಗೇ ಬಾಯಿ ಹಾಕ್ದೋರು ನೀವು, ಕಳ್ಳಿ ನಾನಾ?” ಎಂದು ನಕ್ಕಳು.

ದೊರೆ ನನಗಾಗಿ ವಿಷ ಪರೀಕ್ಷಿಸುತ್ತಿದ್ದಾನೋ, ನನ್ನ ಅನ್ನಕ್ಕೂ ಕೈಹಾಕಿದ್ದಾನೋ ತಿಳಿಯದು.

ಇವತ್ತು ಓಸೆನ್ ನಗಲಿಲ್ಲ. ನನ್ನ ಬಟ್ಟಲು ತುಂಬಿತ್ತು. ಮಗಳು ಇನ್ನೂ ಮುಟ್ಟದ ಬಟ್ಟಲಲ್ಲಿ ಒಂದು ತುತ್ತು ಕಡಿಮೆಯಿತ್ತು.