ಎಂಟನೆಯ ದಿನದ ತೋಳು

೧೮೮೯ನೆಯ ಇಸವಿ ಫೆಬ್ರವರಿ ೧೧, ಸೋಮವಾರ. ಬೆಳಿಗ್ಗೆ ಹನ್ನೊಂದೂವರೆಗೆ ಸಿರುಗುಪ್ಪ ಠಾಣೆಗೆ ಒಬ್ಬ ಹೆಣ್ಣುಮಗಳು ಓಡಿಬಂದಳು. ಹೆಸರು ಹೊನ್ನೂರಮ್ಮ. ವಯಸ್ಸು ಇಪ್ಪತ್ತರ ಆಸುಪಾಸು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕಳೆ ಕೀಳುವ ಕೂಲಿ. ಬದುವಿನ ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿದ್ದ ಅವಳ ಎಂಟು ತಿಂಗಳ ಮಗಳು ದುರುಗಿ ಕಾಣೆಯಾಗಿದ್ದಳು.

ಹೆಡ್ ಕಾನ್‌ಸ್ಟೇಬಲ್ ಚಿದಾನಂದಪ್ಪ ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿದ. ಲೇಖನಿ ಮುಟ್ಟಲಿಲ್ಲ.

"ಎಲ್ಲಿ ಹೋಗತೈತಿ ಕೂಸು? ನಿನ್ನ ಗಂಡನ ಕಡ್ಯಾರು ಒಯ್ದಿರತಾರ. ಸಂಜಿಗೆ ತಾನ ಬರತೈತಿ, ಹೋಗು."

"ಗಂಡ ಸತ್ತು ಆರು ತಿಂಗಳಾತ್ರಿ."

"ಹಂಗಾದರ ನಾಯಿ ಒಯ್ದಿರತೈತಿ. ನಾ ಏನಂತ ಬರೀಲಿ? ನಾಯಿ ಹೆಸರು ಗೊತ್ತೈತೇನು?"

ಹೊನ್ನೂರಮ್ಮ ಹೋಗಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಹಚ್ಚೊಳ್ಳಿಯ ಕಡೆ ತಪಾಸಣೆ ಮುಗಿಸಿ ಸರ್ಕಲ್ ಇನ್‌ಸ್ಪೆಕ್ಟರ್ ಗೋಪಾಲಕೃಷ್ಣರಾಯರು ಠಾಣೆಗೆ ಬಂದಾಗ ಎರಡು ಗಂಟೆ. ಜೊತೆಗೆ ಕಾನ್‌ಸ್ಟೇಬಲ್ ಗೌಸಸಾಬ್. ಮೆಟ್ಟಿಲ ಮೇಲಿನ ಹೆಂಗಸನ್ನು ರಾಯರು ನೋಡಿದರು. ಕುಪ್ಪಸದ ಮುಂಭಾಗ ಹಾಲಿನಿಂದ ತೊಯ್ದು ಮೈಗಂಟಿತ್ತು. ಬೆಳಗಿನಿಂದ ಕುಡಿಯುವ ಬಾಯಿಲ್ಲದ ಹಾಲು.

ಅವರು ಮೂರು ಪ್ರಶ್ನೆ ಕೇಳಿದರು. ಒಳಗೆ ಬಂದು ನಾಲ್ಕನೆಯದನ್ನು ಚಿದಾನಂದಪ್ಪನಿಗೆ ಕೇಳಿದರು.

"ವರದಿ ಎಲ್ಲಿ?"

"ಸಾಹೇಬ್ರ, ಕೂಸು ಅಂಬೆಗಾಲಿಟಗೊಂಡು ಎಲ್ಯಾರ..."

"ಜೋಳಿಗಿಯಿಂದ ಇಳದು, ಅಂಬೆಗಾಲಿಟಗೊಂಡು, ನಿಮಗ ನಮಸ್ಕಾರ ಹೇಳಿ ಹೋತೇನು? ತೆಗೀರಿ ಪುಸ್ತಕ."

ಪ್ರಥಮ ವರ್ತಮಾನ ವರದಿ ಬರೆದದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಪೀನಲ್ ಕೋಡಿನ ೩೬೩ನೆಯ ಕಲಮು, ಅಪಹರಣ. ಕೂಸಿನ ಗುರುತು: ಹೆಣ್ಣು, ಎಣ್ಣೆಗಪ್ಪು ಬಣ್ಣ, ಸೆಳವು ಬಂದಾಗ ಹಾಕಿಸಿದ ಎರಡು ಬರೆ, ಹೊಕ್ಕುಳಿನ ಎಡಕ್ಕೊಂದು ಬಲಕ್ಕೊಂದು.

ಹೊರಗೆ ಬಂದ ಮೇಲೆ ಗೌಸಸಾಬ್ ಗಂಟಲು ಸರಿಪಡಿಸಿಕೊಂಡು, ಬಾಯಲ್ಲಿ ಎಲೆ ಅಡಿಕೆ ಇಲ್ಲದಿದ್ದರೂ ಇರುವಂತೆ ಕೆನ್ನೆ ಉಬ್ಬಿಸಿ, ಥೇಟ್ ಚಿದಾನಂದಪ್ಪನ ದನಿಯಲ್ಲಿ, "ನಾ ಏನಂತ ಬರೀಲಿ?" ಎಂದ. ಆಮೇಲೆ ತನ್ನ ದನಿಯಲ್ಲಿ, "ಹೆಡ್ ಅಂದರ ತಲಿ ಅಂತ ರೀ ಸಾಹೇಬ್ರ. ಇವರು ಹೆಡ್ಡ ಅಂತ ತಿಳಕೊಂಡಾರ," ಎಂದ.

ರಾಯರು ನಗಲಿಲ್ಲ. ಆಗಲೇ ಗದ್ದೆಯ ದಾರಿ ಹಿಡಿದಿದ್ದರು.

ಎರಡು ಮುಕ್ಕಾಲಿಗೆ ಬೇವಿನ ಮರದ ಕೆಳಗೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಜೋಳಿಗೆಯೊಳಗೆ ಕಪ್ಪು ದಾರದ ಬೆಳ್ಳಿ ತಾಯತ ಬಿದ್ದಿತ್ತು, ಅದರ ಪಕ್ಕದಲ್ಲಿ ಉಡಿದಾರ. ಎರಡನ್ನೂ ಕೊಯ್ದು ತೆಗೆಯಲಾಗಿತ್ತು. ರಾಯರು ದಾರದ ತುದಿಯನ್ನು ಬಿಸಿಲಿಗೆ ಹಿಡಿದರು. ಒಂದು ಎಳೆಯೂ ಎದ್ದಿರಲಿಲ್ಲ. ಕುಡಗೋಲಿನ ಕೆಲಸವಲ್ಲ. ಸಣ್ಣ, ಬಹಳ ಹರಿತದ ಅಲಗು.

"ನಿಧಿಗೆ ಬಲಿ ಕೊಡಾಕ ಒಯ್ದಾರ," ಎಂದ ಪಂಚರಲ್ಲೊಬ್ಬ.

"ನಿಧಿ ಹುಡುಕಾಂವ ಕೈಯಾಗಿನ ಬೆಳ್ಳಿ ಬಿಟ್ಟು ಹೋಗತಾನೇನು?" ಎಂದರು ರಾಯರು. "ಕೂಸು ಬೇಕು, ಕೂಸಿನ ಮೈಮೇಲಿನ ಗುರುತು ಬ್ಯಾಡ. ಅಂಥಾವ ಇವ."

ಜೋಳಿಗೆ ಕಾಯುತ್ತಿದ್ದವಳು ಮಾರೆಮ್ಮ ಎಂಬ ಮುದುಕಿ. ಎರಡೂ ಕಣ್ಣಿಗೆ ಪೊರೆ.

"ಯಾರು ಬಂದಿದ್ರು ಅಜ್ಜಿ?"

"ಕಣ್ಣು ಕಾಣಂಗಿಲ್ಲಪ್ಪ. ಹೊನ್ನೂರಮ್ಮ ಬಂದಾಳ ಅಂದಕೊಂಡೆ. ಕೂಸು ಕಿಟಾರಂತ ಒದರಿತು. ಆಗ ಗಂಡಸಿನ ದನಿ ಬಂತು."

"ಏನಂತ?"

ಮುದುಕಿ ಮೂಗಿನಿಂದ, ಸಕ್ಕರೆ ಪಾಕದಂಥ ದನಿ ತೆಗೆದಳು: "ಏನಿಲ್ಲವ್ವಾ, ಏನಿಲ್ಲ. ಇರಿವಿ ಕಚ್ಚಿದಂಗ. ಇರಿವಿ ಕಚ್ಚಿದಂಗ, ಅಷ್ಟ."

ಗೌಸಸಾಬ್ ಅದನ್ನು ಹಾಗೆಯೇ ತಿರುಗಿ ಹೇಳಿದ. ಹೊನ್ನೂರಮ್ಮ ಬೆಚ್ಚಿದಳು.

"ದಾಕು ಹಾಕಾವ್ರು ಹಿಂಗ ಅಂದಿದ್ರು ರೀ! ಹೋದ ಮಂಗಳವಾರ, ಚಾವಡ್ಯಾಗ, ಕೂಸಿನ ತೋಳು ಗೀರೂ ಮುಂದ."

"ಗಾಯ ಹೆಂಗಿತ್ತು?"

"ನಾಕು ಗುಳ್ಳಿ ಎದ್ದಿದ್ವು. ಮುತ್ತಿನಂಗ."

ರಾಯರು ಬೆರಳು ಮಡಚಿ ಎಣಿಸಿದರು. ಹೋದ ಮಂಗಳವಾರ ಐದನೆಯ ತಾರೀಖು. ನಾಳೆ ಎಂಟನೆಯ ದಿನ.

ಆ ಕಾಲದಲ್ಲಿ ಸಿಡುಬಿನ ದಾಕಿನ ಮದ್ದು ಶೀಶೆಯಲ್ಲಿ ಬರುತ್ತಿರಲಿಲ್ಲ. ಕೂಸಿನಿಂದ ಕೂಸಿಗೆ ಹೋಗುತ್ತಿತ್ತು. ದಾಕು ಹಾಕಿಸಿಕೊಂಡ ಕೂಸಿನ ತೋಳಿನಲ್ಲಿ ಎಂಟನೆಯ ದಿನ ಗುಳ್ಳೆ ತುಂಬುತ್ತದೆ. ಆ ರಸವನ್ನು ಸಣ್ಣ ಕತ್ತಿಯ ಮೊನೆಯಿಂದ ತೆಗೆದು ಬೇರೆ ಕೂಸುಗಳ ತೋಳಿಗೆ ಗೀರಬೇಕು. ಇನ್ನೆಂಟು ದಿನಕ್ಕೆ ಅವುಗಳಿಂದ ಇನ್ನಷ್ಟು ಕೂಸುಗಳಿಗೆ. ಒಂದು ಎಂಟನೆಯ ದಿನ ಯಾರೂ ತೋಳು ಕೊಡದಿದ್ದರೆ ಸರಪಳಿ ಕಡಿದಂತೆಯೇ. ಒಂದು ಕೂಸಿನಿಂದ ಒಂದೆರಡು ಗುಳ್ಳೆ ಮಾತ್ರ, ಅದೂ ತಾಯಿಯ ತೊಡೆಯ ಮೇಲೆ ಎಂಬುದು ನಿಯಮ. ನಾಲ್ಕನ್ನೂ ಹಿಂಡಿದರೆ ತೋಳು ಕೆಡುತ್ತದೆ; ಜ್ವರವೇರಿ ಕೂಸು ಸತ್ತದ್ದೂ ಉಂಟು.

ಚಾವಡಿಯ ಗೋಡೆಗೆ ದಾಕಿನ ನೌಕರ ರಾಘಣ್ಣನ ಪ್ರವಾಸದ ಕಾಗದ ಅಂಟಿಸಿತ್ತು. ಹನ್ನೊಂದು ಸಿರುಗುಪ್ಪ. ಹನ್ನೆರಡು ಬೆಳಿಗ್ಗೆ ಕುರುಗೋಡು, ಮಧ್ಯಾಹ್ನ ಬಳ್ಳಾರಿ. ಐದನೆಯ ತಾರೀಖಿನ ಪಟ್ಟಿಯಲ್ಲಿ ಒಂಬತ್ತು ಕೂಸುಗಳಿದ್ದವು. ಗೌಸಸಾಬ್ ಎಂಟು ಮನೆ ತಿರುಗಿ ಮೂರು ಮುಕ್ಕಾಲಿಗೆ ಬಂದ.

"ಎಂಟೂ ಕೂಸು ಮನ್ಯಾಗ ಅದಾವ ಸಾಹೇಬ್ರ. ಮುಂಜಾನೆ ಎಂಟೂ ಮನಿಗೆ ಹೋಗ್ಯಾನ, ನಾಳಿಗೆ ಕೂಸು ಕಳಸ್ರಿ ಅಂತ. ಎಂಟೂ ಕಡೆ ಬಾಗಲಾ ಹಾಕ್ಯಾರ. ಒಬ್ಬಾಕಿ ಕಸಬರಿಗಿ ತಗೊಂಡಿದ್ದಳಂತ."

"ಒಂಬತ್ತನೇ ಮನಿಗೆ ಬಾಗಿಲಾ ಇರಲಿಲ್ಲ," ಎಂದರು ರಾಯರು. "ಜೋಳಿಗಿ ಇತ್ತು."

ನಾಲ್ಕು ಗಂಟೆಗೆ ಜಟಕಾ ಹೊರಟಿತು. ಹೊನ್ನೂರಮ್ಮ ಯಾರನ್ನೂ ಕೇಳದೆ ಹತ್ತಿ ಕುಳಿತಳು. ಬಾದನಹಟ್ಟಿ ಮುಟ್ಟುವಷ್ಟರಲ್ಲಿ ಕತ್ತಲಾಗಿ, ಗಾಲಿ ತಗ್ಗಿಗೆ ಬಿದ್ದು ಅಚ್ಚು ಮುರಿಯಿತು. ಬಡಿಗ ಅದನ್ನು ಸರಿಮಾಡುವ ಹೊತ್ತಿಗೆ ಬೆಳಗಾಗಿತ್ತು. ಹೊತ್ತಿಗೆ ಹೊರಟಿದ್ದರೆ ಹಗಲಿರುವಾಗಲೇ ಕುರುಗೋಡು ಸೇರಬಹುದಿತ್ತು. ಠಾಣೆಯಲ್ಲಿ ಕಳೆದ ಎರಡು ಗಂಟೆ ನಲವತ್ತು ನಿಮಿಷಗಳನ್ನು ರಾಯರು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜಗಿಯುತ್ತಿದ್ದರು.

೧೨ನೆಯ ತಾರೀಖು ಬೆಳಿಗ್ಗೆ ಎಂಟೂ ನಲವತ್ತು. ಕುರುಗೋಡಿನ ಚಾವಡಿಯ ಮುಂದೆ ತಾಯಂದಿರು ಇನ್ನೂ ಚದುರಿರಲಿಲ್ಲ. ಇಪ್ಪತ್ತಾರು ಕೂಸುಗಳಿಗೆ ದಾಕು ಹಾಕಿ ರಾಘಣ್ಣ ಗಂಟೆಯ ಹಿಂದೆಯೇ ಹೊರಟುಹೋಗಿದ್ದ. ರೋಷನಬಿ ಎಂಬ ನೇಕಾರರ ಹೆಣ್ಣುಮಗಳು ತನ್ನ ಮಗುವನ್ನು ಭುಜಕ್ಕೆ ಹಾಕಿಕೊಂಡೇ ಹೇಳಿಕೆ ಕೊಟ್ಟಳು.

"ಯಾವ ಕೂಸಿನಿಂದ ರಸ ತೆಗೆದ?"

"ಜರದ ಕುಲಾವಿ ಹಾಕಿದ್ದ ಕೂಸು ರೀ, ಹಣಿಗೆ ಗೋಪೀಚಂದನ. ಬಳ್ಳಾರಿ ಆಚಾರ್ರ ಮೊಮ್ಮಗ ಅಂದ. ಅತ್ತು ಅತ್ತು ದನಿ ಹೋಗಿತ್ತು. ಒಂದೀಟು ಹಾಲು ಕುಡಸ್ಲೇನು ಅಂತ ಕೇಳಿದೆ. ಮುಟ್ಟಬ್ಯಾಡ, ಮಡಿ ಕೂಸು ಅಂದ. ಹಸದ ಕೂಸಿಗೆ ಎಂಥಾ ಮಡಿ ರೀ ಸಾಹೇಬ್ರ?"

"ಆಮೇಲೆ?"

"ಅವ ಗಾಡಿ ಹೂಡ್ಸಾಕ ಹೋದ. ನಾ ಸೆರಗು ಮುಚ್ಚಿ ಕುಡಿಸಿದೆ. ಬಟ್ಟಿ ತೊಯ್ದಿತ್ತು, ಬಿಚ್ಚಿದೆ. ಮೊಮ್ಮಗ ಅಲ್ಲ, ಹೆಣ್ಣು! ಹೊಕ್ಕಳದ ಆಕಡಿಗೊಂದು ಈಕಡಿಗೊಂದು ಬರಿ. ತೋಳು ಮೆಣಸಿನಕಾಯಿ ಆಗೇತಿ ರೀ."

ಹೊನ್ನೂರಮ್ಮ ಮುಂದೆ ಬಂದಳು. ರೋಷನಬಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ಗೌಸಸಾಬ್ ಬೆರಳು ಬಿಡಿಸಬೇಕಾಯಿತು.

"ಎಲ್ಲಿಗೆ ಹೋದ?"

"ಬಳ್ಳಾರಿ ಬ್ರೂಸ್‌ಪೇಟೆ, ಗಂಗಾಬಾಯಿಯವರ ಮನಿಗೆ ಅಂತ ಗಾಡಿಯವಗ ಹೇಳಿದ."

ಬಳ್ಳಾರಿ ತಲುಪಿದಾಗ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಕಡಿಮೆ. ಗಂಗಾಬಾಯಿಯವರದು ಎರಡಂಕಣದ ಪಡಸಾಲೆಯ ದೊಡ್ಡ ಮನೆ. ಬಾಗಿಲ ಹೊರಗೇ ದನಿ ಕೇಳಿಸಿತು.

"ಏನಿಲ್ಲಪ್ಪಾ, ಏನಿಲ್ಲ. ಇರಿವಿ ಕಚ್ಚಿದಂಗ."

"ಅದೇ ದನಿ," ಎಂದ ಗೌಸಸಾಬ್. ಈ ಸಲ ಅಣಕಿಸಲಿಲ್ಲ.

ಮೂರು ಮನೆಗಳ ಹನ್ನೊಂದು ಮಕ್ಕಳು ಸಾಲಾಗಿ ಕುಳಿತಿದ್ದರು. ಮಣೆಯ ಮೇಲೆ ರಾಘಣ್ಣ, ನಲವತ್ತರ ತೆಳ್ಳನೆಯ ಮನುಷ್ಯ, ಗರಿಗರಿಯಾದ ಕೋಟು. ಅವನ ತೊಡೆಯ ಮೇಲೆ ಕುಲಾವಿಯ ಕೂಸು, ಅಳುವ ಶಕ್ತಿಯೂ ಇಲ್ಲದೆ. ಎಡ ತೋಳು ಭುಜದಿಂದ ಮೊಣಕೈಯವರೆಗೆ ಊದಿತ್ತು. ನಾಲ್ಕು ಗುಳ್ಳೆಗಳೂ ಒಡೆದಿದ್ದವು. ಅವನು ಐದನೆಯ ಸಲವೋ ಆರನೆಯ ಸಲವೋ ಅಲ್ಲಿಯೇ ಕತ್ತಿ ಒತ್ತುತ್ತಿದ್ದ.

ರಾಯರು ಅವನ ಮಣಿಕಟ್ಟು ಹಿಡಿದರು. ಕತ್ತಿ ನೆಲಕ್ಕೆ ಬಿತ್ತು. ಹೊನ್ನೂರಮ್ಮ ಅಂಗಳ, ಪಡಸಾಲೆ, ಮಡಿಯ ಮಣೆ ಎಲ್ಲವನ್ನೂ ದಾಟಿ ಬಂದು ಮಗಳನ್ನು ಎತ್ತಿಕೊಂಡು, ಅಲ್ಲಿಯೇ ಕಂಬಕ್ಕೊರಗಿ ಎದೆಗೆ ಹಚ್ಚಿದಳು. ಕೂಸು ಎರಡು ಸಲ ಬಾಯಿ ತಪ್ಪಿ, ಮೂರನೆಯ ಸಲ ಹಿಡಿಯಿತು.

"ಅಯ್ಯೋ, ಯಾರಿದು ಒಳಗ ಬಂದಾಕಿ!" ಎಂದು ಗಂಗಾಬಾಯಿ ಕೂಗಿದರು. "ರಾಘಣ್ಣಾ, ನಮ್ಮವರ ಕೂಸು ಅಂದಿದ್ದಿಯಲ್ಲೋ! ಇಂಥಾದ್ದರ ಕೀವು ನನ್ನ ಮೊಮ್ಮಗನ ಮೈಯಾಗ ಹಾಕಿದೇನು? ರಾಯರ, ನೀವೂ ನಮ್ಮವರ. ನೀವರ ಹೇಳ್ರಿ!"

"ನಿಮ್ಮ ಮೊಮ್ಮಗನ ತೋಳಿನಿಂದ ಎಂಟನೇ ದಿನ ರಸ ಕೊಡತೀರೇನು?"

"ಛೆ! ಕೂಸು ಸೊರಗತಾನ. ಕೊಡೂದಿಲ್ಲ."

"ಕೊಡೂದಿಲ್ಲ, ತಗೋತೀರಿ. ರಸ ಕೊಡೂ ಕೂಸಿಗೆ ನಾಮ ಬೇಕು. ನಾಮ ಹಾಕಿದ್ದು ಆ ಕೂಸಿಗಲ್ಲ ತಾಯಿ, ನಿಮಗ." ರಾಯರ ದನಿ ಏರಿತು. "ಇಂಥಾ ಕೂಸು ಅಂದ್ರೆಂಥಾದ್ದು? ಇವತ್ತು ಮುಂಜಾನಿಯಿಂದ ಆಕಿ ತೋಳಿನಿಂದ ಮೂವತ್ತರ ಮೇಲೆ ಕೂಸು ಜೀವ ಉಳಿಸ್ಕೊಂಡಾವ. ಆಕಿಗೆ ಒಂದು ಗುಟುಕು ಹಾಲು ಇಲ್ಲಿ ಯಾರೂ ಕೊಟ್ಟಿಲ್ಲ!"

ಗಂಗಾಬಾಯಿ ಗೋಮೂತ್ರ ತರಲು ಹೇಳಿ, ಮೊಮ್ಮಗನ ತೋಳು ತೊಳೆಯಲು ಕೈ ಚಾಚಿದರು. ಸೊಸೆ ಪದ್ಮಾಬಾಯಿ ಮಗನನ್ನು ಎತ್ತಿಕೊಂಡು ಹಿಂದೆ ಸರಿದಳು. ಅವಳ ಮೊದಲ ಎರಡು ಮಕ್ಕಳು ಸಿಡುಬಿನಲ್ಲಿ ಹೋಗಿದ್ದವು.

"ತೊಳಿಯೂದಿಲ್ಲ ಅತ್ತಿಯವರ," ಎಂದಳು. ಅಷ್ಟೇ. ಆದರೆ ಹೊನ್ನೂರಮ್ಮನ ಕಡೆ ಅವಳೂ ನೋಡಲಿಲ್ಲ.

ಎರಡು ಗಂಟೆ ಇಪ್ಪತ್ತಕ್ಕೆ ರಾಘಣ್ಣನನ್ನು ದಸ್ತಗಿರಿ ಮಾಡಲಾಯಿತು. ಕತ್ತಿ, ಕುಲಾವಿ, ಗೋಪೀಚಂದನದ ತುಂಡು ಪಂಚನಾಮೆಯ ಮೇಲೆ ಜಪ್ತಿಯಾದವು. ದುರುಗಿಯನ್ನು ಆಸ್ಪತ್ರೆಗೆ ಒಯ್ದರು. ವೈದ್ಯರು ತೋಳು ಒತ್ತಿ ನೋಡಿ, "ಜೀವಕ್ಕೆ ಭಯವಿಲ್ಲ ಅಂತ ನಾಳೆ ಹೇಳುವೆ. ಮೊಣಕೈ ಮೊದಲಿನಂತೆ ಚಾಚುವುದು ಸಂಶಯ. ಗುಳ್ಳೆ ಒಡೆಯುವ ಮೊದಲು, ನಿನ್ನೆ ರಾತ್ರಿಯೇ ಸಿಕ್ಕಿದ್ದರೆ ಬೇರೆ ಮಾತು," ಎಂದರು.

ಸಂಜೆ ಐದಕ್ಕೆ ಠಾಣೆಯಲ್ಲಿ ವಿಚಾರಣೆ.

"ಕುಲಾವಿ ಯಾರದು?"

"ನನ್ನ ಮಗಳದು."

"ಆಕಿ ಎಲ್ಲಿ?"

ರಾಘಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. "ಹೋದ ವರ್ಷ ಎಂಟನೇ ದಿನ ಯಾರೂ ತೋಳು ಕೊಡಲಿಲ್ಲ. ಸರಪಳಿ ಕಡದರ ಊರೂರಿಗೆ ಅಮ್ಮ ಬರತಾಳ. ಮೇಲಿನವರಿಗೆ ಬರದೆ. ನೀನ ವ್ಯವಸ್ಥೆ ಮಾಡ್ಕೋ ಅಂತ ಉತ್ತರ ಬಂತು. ಮಗಳ ತೋಳಿನಿಂದ ತೆಗೆದೆ. ನಾಕೂ ಗುಳ್ಳಿ. ಹದಿನೇಳು ಮನಿಗೆ ಆತು. ತೋಳು ಕೆಟ್ಟಿತು. ಹನ್ನೆರಡು ದಿನ ಇದ್ದಳು."

"ಏನಾಗತೈತಿ ಅಂತ ಗೊತ್ತಿದ್ದೂ ಈ ಕೂಸಿಗೆ ಮಾಡಿದಿ."

"ಈ ಸಲ ನನ್ನ ಮನ್ಯಾಗ ಕೂಸು ಇರಲಿಲ್ಲ."

ಗೌಸಸಾಬ್ ಗೋಡೆಯ ಕಡೆ ತಿರುಗಿದ. ರಾಯರು ಮೇಜು ಗುದ್ದಿದರು. ಮಸಿಯ ದೌತಿ ಉರುಳಿತು.

"ಒಂಬತ್ತರಾಗ ಈಕಿನ ಯಾಕ?"

"ಉಳದವರು ದೂರು ಕೊಡತಿದ್ರು ಸಾಹೇಬ್ರ. ಈಕಿ ಕೊಟ್ಟರೂ ಯಾರೂ ಬರಕೊಳ್ಳೂದಿಲ್ಲ ಅಂದಕೊಂಡಿದ್ದೆ."

ರಾಯರು ಉರುಳಿದ ದೌತಿಯನ್ನು ನೆಟ್ಟಗೆ ನಿಲ್ಲಿಸಿ, "ನೀ ತಿಳಕೊಂಡಿದ್ದು ತಪ್ಪಲ್ಲ," ಎಂದರು.

ದುರುಗಿ ಉಳಿದಳು. ಹದಿನೈದನೆಯ ದಿನ ಜ್ವರ ಬಿಟ್ಟಿತು. ಎಡ ಮೊಣಕೈ ಮಡಚಿದಂತೆಯೇ ನಿಂತಿತು. ಫೆಬ್ರವರಿ ೧೯ರಂದು, ಎಂಟನೆಯ ದಿನ, ದಾಕಿನ ಹೊಸ ನೌಕರ ಬ್ರೂಸ್‌ಪೇಟೆಗೆ ಹೋದಾಗ ಹನ್ನೊಂದು ಮಕ್ಕಳ ಮೂರು ಮನೆಗಳೂ ಬಾಗಿಲು ತೆರೆಯಲಿಲ್ಲ. ಅದೇ ಬೆಳಿಗ್ಗೆ ಕುರುಗೋಡಿನಲ್ಲಿ ರೋಷನಬಿ ತನ್ನ ಕೂಸಿನ ಒಂದು ಗುಳ್ಳೆ ಕೊಟ್ಟಿದ್ದಳು, ತನ್ನ ತೊಡೆಯ ಮೇಲೆಯೇ ಕೂರಿಸಿಕೊಂಡು.

ಮಾರ್ಚ್ ೨ರಂದು ರಾಯರು ಸಿರುಗುಪ್ಪ ಠಾಣೆಗೆ ಬಂದರು. ಜಪ್ತಿಯಾಗಿದ್ದ ತಾಯತವನ್ನು ಅಪ್ಪಣೆ ಪಡೆದು ತಂದಿದ್ದರು. ಹೊನ್ನೂರಮ್ಮ ಅದನ್ನು ಹೊಸ ದಾರದಲ್ಲಿ ಪೋಣಿಸಿ ಮಗಳ ಬಲ ತೋಳಿಗೆ ಕಟ್ಟಿದಳು. ರಾಯರು ಠಾಣೆಯ ದಿನಚರಿ ತೆರೆದು ಚಿದಾನಂದಪ್ಪನ ಮುಂದಿಟ್ಟರು.

"ಹನ್ನೊಂದನೇ ತಾರೀಖು ಹನ್ನೊಂದೂವರಿಗೆ ಈಕಿ ಬಂದಾಗ ನೀವು ಅಂದ ಮಾತು ಬರೀರಿ. ಒಂದಕ್ಷರ ಬಿಡಬ್ಯಾಡ್ರಿ."

ಚಿದಾನಂದಪ್ಪ ಲೇಖನಿ ಎತ್ತಿಕೊಂಡ. ಬರೆದ. ಕೊನೆಯ ಸಾಲಿಗೆ ಬಂದು ಲೇಖನಿ ನಿಂತಿತು.

"ಬರೀರಿ."

'ನಾಯಿ ಹೆಸರು ಗೊತ್ತೈತೇನು' ಎಂದು ಬರೆದು ಅವನು ತಲೆ ಎತ್ತಿದ.

"ಈಗ ಅದರ ಕೆಳಗ ಸಹಿ ಹಾಕ್ರಿ," ಎಂದರು ರಾಯರು. "ಓದಾವ್ರಿಗೆ ಹೆಸರು ಗೊತ್ತಾಗಲಿ."