ಕಾರಣ ಬರೆಯದೆ ಅಳಿಸಿದವನು

"ಮುನೇಶ್ ಅಂದ್ರೆ ಯಾರ್ರೀ ಇಲ್ಲಿ?"

ಶ್ರೀನಿವಾಸಪುರದ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಇದ್ದವನು ಒಬ್ಬನೇ. ಗಾಬರಿಯಿಂದ ಎದ್ದು ನಿಂತ.

"ನಾನೇ ಮೇಡಂ... ಕ್ಲಾಸಿಗೆ ಸೇರ್ಬೇಕಿತ್ತಾ?"

"ಸೇರೋಕಲ್ಲ, ನಿಮಗೆ ಉಗಿಯೋಕೆ ಬಂದಿದ್ದೀನಿ! ನಾನು ಸಂಹಿತಾ. ಮುಳಬಾಗಿಲು."

ಹೆಸರು ಕೇಳಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

ಇಬ್ಬರೂ ಮುಖ ನೋಡಿದ್ದು ಅಂದೇ ಮೊದಲು. ಆದರೆ 2005ರಿಂದಲೂ ಒಂದೇ ಕೆಲಸ ಮಾಡುತ್ತಿದ್ದರು. ಎಲ್ಲರಿಗೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಒಂದಕ್ಕೆ ಇಂಟರ್ನೆಟ್‌ನಲ್ಲಿ ಕನ್ನಡ ಕೈಪಿಡಿ ಬರೆಯುವ ಕೆಲಸ. ಸಂಬಳವಿಲ್ಲ, ಸಾಹೇಬರಿಲ್ಲ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಆದರೆ ಇನ್ನೊಬ್ಬರು ಬರೆದದ್ದನ್ನು ತೆಗೆದರೆ ಕಾರಣ ಬರೆಯಲೇಬೇಕು.

ಸಂಹಿತಾಳ ಪುಟದ ಕೊನೆಯಲ್ಲಿ ಅವಳೇ ಬರೆದ ಪಾಠಗಳ ಲಿಂಕುಗಳಿದ್ದವು. ಈ ಮಹಾಶಯ ಅಷ್ಟನ್ನೂ ಅಳಿಸಿದ್ದ. ಕಾರಣದ ಜಾಗ ಖಾಲಿ! ಮೈ ಉರಿಯದೆ ಇನ್ನೇನಾಗುತ್ತದೆ? ಅವನ ಪರಿಚಯದ ಪುಟದಲ್ಲಿದ್ದ ವಿಳಾಸ ಹಿಡಿದು ಬಂದೇಬಿಟ್ಟಿದ್ದಳು.

"ನಾಳೆ ಮಾಲೂರಲ್ಲಿ ಮೇಷ್ಟ್ರುಗಳಿಗೆ ಕನ್ನಡ ಟೈಪಿಂಗ್ ಹೇಳ್ಕೊಡ್ಬೇಕು. ಆ ಪಾಠ ನಂಬ್ಕೊಂಡೇ ಒಪ್ಕೊಂಡಿದ್ದೆ. ಈಗ ಏನ್ ತೋರಿಸ್ಲಿ, ನಿಮ್ಮ ತಲೆನಾ?"

"ಏಮಿ ಕೋಪಂ ರಾ ದೇವುಡಾ..." ಅವನು ಗೊಣಗಿದ.

"ಕೋಪ ಬರದೆ ಇನ್ನೇನು? ನಂಗೂ ತೆಲುಗು ಬರುತ್ತೆ ಕಣ್ರೀ!"

ಮುನೇಶ್ ತಲೆ ತಗ್ಗಿಸಿದ. "ನೀವು ಪಾಠ ಇಟ್ಟಿದ್ದ ಸೈಟ್ ಮುಚ್ಚೋಯ್ತು ಮೇಡಂ. ಆ ವಿಳಾಸ ಬೇರೆ ಯಾರೋ ತಗೊಂಡವ್ರೆ. ಲಿಂಕ್ ಒತ್ತಿದ್ರೆ... ನೋಡ್ಬಾರದ ಚಿತ್ರ ಬರುತ್ತೆ."

"ಸುಳ್ಳು!"

ಅವಳೇ ಮೌಸ್ ಕಿತ್ತುಕೊಂಡು, ಪುಟದ ಹಳೆಯ ಪ್ರತಿ ತೆಗೆದು ಲಿಂಕ್ ಒತ್ತಿದಳು. ಮರುಕ್ಷಣವೇ ಮುಚ್ಚಿದಳು. ಛೀ! ನಾಳೆ ಮೇಷ್ಟ್ರುಗಳ ಎದುರು ಇದು ತೆರೆದಿದ್ದರೆ...?

"ಹಾಗಂತ ಬರೀಬಹುದಿತ್ತಲ್ಲ?"

"ಕಾರಣ ಎಲ್ರೂ ಓದ್ತಾರೆ. ನಿಮ್ಮ ಹೆಸರಿನ ಪಕ್ಕ ಅಂಥ ಮಾತು ಬರೆಯೋಕೆ ಮನಸ್ಸು ಬರ್ಲಿಲ್ಲ."

ಕರಗಿಬಿಟ್ಟಳು ಎಂದುಕೊಂಡಿರಾ? ಇಲ್ಲ!

"ನನ್ನ ಮಾನ ಕಾಯಿ ಅಂತ ನಿಮಗೆ ಯಾರು ಹೇಳಿದ್ರು? ನನಗೇ ಒಂದು ಮಾತು ಹೇಳೋಕೆ ಏನು ರೋಗ?"

"ಧೈರ್ಯ ಬರ್ಲಿಲ್ಲ."

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಪಾಠಗಳನ್ನೆಲ್ಲ ಸೈಬರ್ ಸೆಂಟರಿನಲ್ಲಿ ಕುಳಿತು ನೇರವಾಗಿ ಆ ಮುಚ್ಚಿಹೋದ ಸೈಟಿನಲ್ಲೇ ಬರೆದಿದ್ದಳು. ಅವಳ ಹತ್ತಿರ ಪ್ರತಿ ಇರಲಿಲ್ಲ.

"ಹಂಗಾದ್ರೆ ನನ್ನ ಪಾಠ...?" ಕಣ್ಣು ತುಂಬಿ ಬಂತು. ಅತ್ತದ್ದಕ್ಕೂ ತನ್ನ ಮೇಲೇ ಸಿಟ್ಟು.

"ಅಯ್ಯೋ, ಅಳ್ಬೇಡಿ! ಇಲ್ಲಿ ನೆಟ್ ಸರಿಯಾಗಿ ಬರಲ್ಲ. ನನ್ನ ಕ್ಲಾಸಲ್ಲಿ ಹೇಳ್ಕೊಡೋಕೆ ಎಲ್ಲಾ ಇಳಿಸಿಟ್ಕೊಂಡಿದ್ದೆ. ಬೇರೆ ಸೈಟಿಗೂ ಹಾಕಿದ್ದೀನಿ. ಹೊಸ ಲಿಂಕ್ ಸೇರಿಸೋದೊಂದೇ ಬಾಕಿ."

ಅವಳು ಕುರ್ಚಿ ಎಳೆದು ಪಕ್ಕದಲ್ಲೇ ಕುಳಿತಳು. ಒಂದೊಂದೇ ಲಿಂಕ್ ಸೇರಿಸಿ, ಒಂದೊಂದನ್ನೂ ಒತ್ತಿ ನೋಡಿದರು. ಎಲ್ಲವೂ ತೆರೆದವು.

"ಈಗ ಕಾರಣ ಬರೀರಿ. ಇದ್ದದ್ದು ಇದ್ದ ಹಾಗೆ."

ಅವನು ಬರೆದ: 'ಹಳೆಯ ಲಿಂಕುಗಳಲ್ಲಿ ಅಶ್ಲೀಲ ಪುಟ ತೆರೆಯುತ್ತಿತ್ತು. ಬರೆದವರ ತಪ್ಪಲ್ಲ. ಅವರಿಗೆ ಹೇಳದೆ ತೆಗೆದದ್ದು ನನ್ನ ತಪ್ಪು.'

ಓದಿದ ಮೇಲೆ ಅವಳ ದನಿ ತಗ್ಗಿತು.

"ಲಿಂಕ್ ಕೆಟ್ಟಿದ್ದು ನನಗಿಂತ ಮೊದ್ಲು ನಿಮಗೆ ಹೇಗೆ ಗೊತ್ತಾಯ್ತು?"

"ದಿನಾ ಬೆಳಿಗ್ಗೆ ಒತ್ತಿ ನೋಡ್ತೀನಿ."

"ಅಷ್ಟು ಜನ ಬರೀತಾರೆ. ನನ್ನ ಪುಟವೇ ಯಾಕೆ?"

"ಅದಕ್ಕೂ ಕಾರಣ ಬರೀಬೇಕಾ?"

"ಬೇಡ, ಎಲ್ರೂ ಓದ್ತಾರೆ. ನನ್ನ ಮುಖ ನೋಡಿ, ಬಾಯಿಬಿಟ್ಟು ಹೇಳಿ."

ಮುನೇಶ್ ತಲೆ ಎತ್ತಿದ. "ನಿಮ್ಮನ್ನ ನೋಡದೇನೇ ಇಷ್ಟಪಟ್ಟುಬಿಟ್ಟೆ ಮೇಡಂ..."

"ಮೊದ್ಲು ಆ ಮೇಡಂ ಅಳಿಸಿ!" ಸಂಹಿತಾ ಗದರಿದಳು. ಗದರುತ್ತಲೇ ನಕ್ಕುಬಿಟ್ಟಳು. "ಅದಕ್ಕೆ ಕಾರಣ ಬರೀಬೇಕಿಲ್ಲ."