ಹುಳ ಹಿಡಿಯಲು ಬಂದವನು

"ನಿಜ ಹೇಳಿ ಮೆಲಿಸಾ, ದಿನಕ್ಕೆ ಎಷ್ಟು ಸಲ ಫುಡ್ ಹಾಕ್ತೀರಿ?"

ಅಭಿರಾಮ ಕೇಳಿದ್ದು ನನ್ನನ್ನು, ನೋಡುತ್ತಿದ್ದದ್ದು ಮಾತ್ರ ಅಕ್ವೇರಿಯಮ್ಮನ್ನು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ನನಗೆ ಮೈಯೆಲ್ಲ ಉರಿಯಿತು.

"ಎರಡು ದಿನಕ್ಕೊಮ್ಮೆ, ಒಂದು ಚಿಟಿಕೆ. ನಾನೆಂತ ಸುಳ್ಳು ಹೇಳ್ತೇನಾ?"

"ಹಾಗಾದ್ರೆ ಈ ಹುಳಗಳು ಗಾಳಿ ತಿಂದು ಹೆಚ್ಚಾಗ್ತವಾ?"

ಉಪ್ಪುನೀರಿನ ಆ ತೊಟ್ಟಿ ನನ್ನ ಗಂಡ ಜೋಯೆಲ್‌ನದು. ಕಳೆದ ವರ್ಷ ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಅವನ ಬೈಕನ್ನು ಎಳೆದುಕೊಂಡು ಹೋಯಿತು. ಕುಲಶೇಖರದಲ್ಲಿರುವ ನಮ್ಮ ಮನೆಯಲ್ಲಿ ಉಳಿದದ್ದು ನಾನು, ಅತ್ತೆ ಎಸ್ತೆರ್ ಮತ್ತು ತೊಟ್ಟಿಯಲ್ಲಿ ಒಂದೇ ಒಂದು ಕ್ಲೌನ್ ಫಿಶ್. ಕಿತ್ತಳೆ ಮೈ, ಬಿಳಿ ಪಟ್ಟೆ, ಸದಾ ಸಿಟ್ಟಿನ ಮೋರೆ. ತೀರಿಕೊಂಡ ಅಪ್ಪನ ಮೋರೆಯೇ ಎಂದು ಜೋಯೆಲ್ ಅದಕ್ಕೆ ಬೊನಿಫಾಸ್ ಎಂದು ಹೆಸರಿಟ್ಟಿದ್ದ, ಕರೆಯುವುದು ಬೊನಿ. ಅತ್ತೆಯನ್ನು ನಾನು ಮಮ್ಮಿ ಎನ್ನುವುದು. ಆ ಹೆಸರಿಗೆ ಮಮ್ಮಿ ಮಗನಿಗೆ ಬೈದ ಹಾಗೆ ಮಾಡಿ ಒಳಗೆ ಹೋಗಿ ನಗುತ್ತಿದ್ದರು.

ಅಭಿರಾಮ ಜೋಯೆಲ್‌ನ ಗೆಳೆಯ. ಶಕ್ತಿನಗರದ ಭಟ್ಟರ ಮನೆಯ ಹುಡುಗ, ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಗೆಳೆಯ ಹೋದ ಮೇಲೆ ತೊಟ್ಟಿಯ ನೀರು ಬದಲಾಯಿಸಲು ತಿಂಗಳಿಗೊಮ್ಮೆ ಬರುತ್ತಿದ್ದ. ಹುಳ ಹೆಚ್ಚಾದ ಮೇಲೆ ವಾರಕ್ಕೆ ಎರಡು ಮೂರು ಸಲ.

ಕೆಂಪು ಹುಳಗಳು, ಎರಡೂ ಬದಿಗೆ ಬಿಳಿ ರೋಮ. ಹಗಲು ಕಲ್ಲಿನ ತೂತುಗಳಲ್ಲಿ ಅಡಗಿ, ಲೈಟ್ ಆರಿದೊಡನೆ ಹೊರಗೆ ಬರುತ್ತವೆ. ಅವುಗಳ ತಪ್ಪೇನಿಲ್ಲ, ಮೀನು ತಿಂದು ಬಿಟ್ಟದ್ದನ್ನು ತಿಂದು ಬದುಕುವ ಜೀವ. ಎಂಜಲು ಹೆಚ್ಚಾದರೆ ಹುಳವೂ ಹೆಚ್ಚು. ಅಭಿರಾಮ ಸಂಜೆ ಬಂದು, ತೂತು ಕೊರೆದ ಪ್ಲಾಸ್ಟಿಕ್ ಬಾಟಲಿಯೊಳಗೆ ಸಿಗಡಿ ಚೂರು ಇಟ್ಟು ಮುಳುಗಿಸುವನು. ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಬಂದು, ಒಳಗೆ ಸಿಕ್ಕಿಬಿದ್ದ ಹುಳಗಳ ಸಮೇತ ಎತ್ತುವನು.

"ಭಟ್ರ ಮಗ ಎಟ್ಟಿ ಕೊಯ್ಯುವುದು ಅಪ್ಪನಿಗೆ ಗೊತ್ತುಂಟಾ?" ಎಂದು ಒಮ್ಮೆ ಕೇಳಿದೆ.

ಎಟ್ಟಿ ಎಂದರೆ ನಮ್ಮಲ್ಲಿ ಸಿಗಡಿ; ಅದನ್ನು ಅವನು ಎರಡೇ ಬೆರಳಲ್ಲಿ, ಮೂಗು ಅತ್ತ ತಿರುಗಿಸಿ ಹಿಡಿದಿದ್ದ. "ಮಾರಾಯ್ರೆ, ಮೆಲ್ಲ ಹೇಳಿ. ನಾನು ಮನೆಗೆ ಹೋಗುವ ಮೊದಲು ನಿಮ್ಮ ಬಾವಿಕಟ್ಟೆಯಲ್ಲಿ ಲಿಂಬೆ ಉಜ್ಜಿ ಕೈ ತೊಳೀತೇನೆ."

ನಾನು ನಕ್ಕುಬಿಟ್ಟೆ. ನನ್ನದೇ ನಗು ನನಗೆ ಅಪರಿಚಿತವಾಗಿತ್ತು. ಅಡುಗೆಮನೆಯಲ್ಲಿ ಮಮ್ಮಿ ಪಾತ್ರೆ ತೊಳೆಯುವ ಸದ್ದು ನಿಂತಿತು.

ಅವನು ತಲೆಯೆತ್ತಿ ನೋಡಿದ. ನನ್ನ ಕೂದಲಿಂದ ಗಲ್ಲದವರೆಗೆ ನಿಧಾನವಾಗಿ ಇಳಿದ ನೋಟ ಬೆರಳಿನ ಮದುವೆ ಉಂಗುರಕ್ಕೆ ಬಂದದ್ದೇ ನೆಲಕ್ಕೆ ಬಿತ್ತು.

ಇನ್ನೊಂದು ಬೆಳಿಗ್ಗೆ ಗ್ಲೌಸ್ ಮರೆತು ಕೈ ಹಾಕಿದ. ಹುಳದ ರೋಮಗಳು ಬೆರಳ ತುಂಬ ಚುಚ್ಚಿಕೊಂಡವು. ನಾನು ಅವನನ್ನು ಕಿಟಕಿಯ ಬಳಿ ಕೂರಿಸಿ, ಸೆಲ್ಲೋಟೇಪ್ ಒತ್ತಿ, ಒಂದೊಂದೇ ಬೆರಳಿನಿಂದ ರೋಮ ಎಳೆದೆ.

"ನೋವಾಗ್ತದಾ?"

"ಇಲ್ಲ."

"ಸುಳ್ಳು."

"ಹೌದು," ಎಂದ. ಕೈ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ರೋಮಗಳೆಲ್ಲ ಬಂದ ಮೇಲೂ ನಾನು ಟೇಪ್ ಹರಿಯುತ್ತಲೇ ಇದ್ದೆ.

ಅವನು ಹೋದ ಮೇಲೆ ಗೋಡೆಯ ಮೇಲಿನ ಜೋಯೆಲ್‌ನ ಫೋಟೋ ನೋಡಲು ಧೈರ್ಯ ಬರಲಿಲ್ಲ. ಹುಳ ಮುಗಿಯದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಗಂಡ ಸತ್ತವಳು ದೇವರ ಹತ್ತಿರ ಕೇಳುವ ವರ ಇದಾ? ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಜೋಯೆಲ್ ತೀರಿಕೊಂಡ ವರ್ಷದ ಪೂಜೆ ಇಗರ್ಜಿಯಲ್ಲಿ ಮುಗಿದ ವಾರ ಅಭಿರಾಮ ಬಂದು ನಿಂತೇ ಮಾತಾಡಿದ. "ಶನಿವಾರ ಕಲ್ಲು, ಮರಳು ಎಲ್ಲ ತೆಗೀತೇನೆ. ಬೊನಿಯನ್ನು ಕಾಟಿಪಳ್ಳದ ಒಬ್ಬ ಫ್ರೆಂಡ್ ಸಾಕ್ತಾನೆ. ಅಲ್ಲಿಗೆ ಹುಳದ ಕಥೆ ಮುಗೀತದೆ."

"ಮತ್ತೆ?"

"ಮತ್ತೆ ಎಂತ? ನಾನು ಬರ್ಲಿಕ್ಕೆ ಕೆಲಸ ಇರುವುದಿಲ್ಲ." ತೊಟ್ಟಿಯತ್ತ ತಿರುಗಿ ಹೇಳಿದ, "ಮನೆಯಲ್ಲಿ ಅಪ್ಪ ಜಾತಕ ನೋಡ್ತಾ ಇದ್ದಾರೆ."

"ಒಳ್ಳೇದು," ಎಂದೆ.

ಶನಿವಾರ ಬೆಳಿಗ್ಗೆ ಎದ್ದಾಗ ಹಾಲ್ ತುಂಬ ಕೊಳೆತ ವಾಸನೆ. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಬೊನಿ ತಳದಲ್ಲಿ ಮಗುಚಿ ಬಿದ್ದಿದ್ದ. ಬೆಳಕಾದರೂ ಹುಳಗಳು ಹೊರಗೇ ಇದ್ದವು, ಅವನನ್ನು ತಿನ್ನುತ್ತಾ.

ಎದುರಿಗೆ ಮಮ್ಮಿ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಒಣ ಸಿಗಡಿಯ ಡಬ್ಬಿ, ಖಾಲಿ.

"ನಾನೇ," ಎಂದರು. "ನೀನು ಡ್ಯೂಟಿಗೆ ಹೋದ ಮೇಲೆ ಪುಡಿ ಮಾಡಿ ಹಾಕ್ತಿದ್ದೆ. ನಿನ್ನೆ ರಾತ್ರಿ ಉಳಿದದ್ದೆಲ್ಲ ಹಾಕಿದೆ. ಹುಳ ತುಂಬಾ ಆದ್ರೆ ಅವ ಇನ್ನೂ ಸ್ವಲ್ಪ ದಿನ ಬರ್ತಾನಲ್ಲಾ ಅಂತ."

"ಯಾಕೆ ಮಮ್ಮಿ?"

"ಅವ ಬಂದ ದಿನ ಮಾತ್ರ ನೀನು ಸರಿ ಅನ್ನ ತಿನ್ನುದು. ನನಗೆ ಕಣ್ಣಿಲ್ವಾ?" ಖಾಲಿ ಡಬ್ಬಿಯನ್ನು ಬದಿಗಿಟ್ಟರು. "ಜೋಯೆಲ್‌ನ ಮೀನು. ನಾನೇ ಕೊಂದೆ ಮಗಾ."

ನನಗೆ ಅವರ ಮೇಲೆ ಸಿಟ್ಟು ಬಂತು. ಆಮೇಲೆ ಅವರ ಪಕ್ಕದಲ್ಲೇ ಕೂತು, ಇಗರ್ಜಿಯಲ್ಲಿ ಬಾರದ ಅಳುವನ್ನೆಲ್ಲ ಅತ್ತುಬಿಟ್ಟೆ.

ಅಭಿರಾಮ ಬಂದಾಗ ನಾನೇ ಎಲ್ಲ ಹೇಳಿದೆ. ಅವನು ನೀರು ಖಾಲಿ ಮಾಡಿದ. ಕಲ್ಲುಗಳನ್ನು ಹುಳಗಳ ಸಮೇತ ಅಂಗಳದ ಬಿಸಿಲಿಗೆ ಹಾಕಿದ. ಬೊನಿಯ ಉಳಿದ ಮೈಯನ್ನು ಮಮ್ಮಿ ಕರವಸ್ತ್ರದಲ್ಲಿ ಸುತ್ತಿ ಮಲ್ಲಿಗೆ ಬುಡದಲ್ಲಿ ಹೂತರು.

ಬಾವಿಕಟ್ಟೆಯಲ್ಲಿ ಅವನು ಕೈ ತೊಳೆದ. ಲಿಂಬೆ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಬಕೆಟ್ ಹಿಡಿದು ಗೇಟಿನವರೆಗೆ ಹೋದವನನ್ನು ಮಮ್ಮಿಯೇ ಕರೆದರು.

"ಅಭಿ, ನಾಳೆ ಮಧ್ಯಾಹ್ನ ಊಟಕ್ಕೆ ಬಾ. ಇನ್ನು ಮನೆಯಲ್ಲಿ ಹುಳ ಇಲ್ಲ. ಸುಮ್ಮನೆ ಬಾ."

ಅಷ್ಟು ಹೇಳಿ ಒಳಗೆ ಹೋದರು.

ಅವನು ನನ್ನನ್ನು ನೋಡಿದ. ಈ ಸಲ ಉಂಗುರದವರೆಗೆ ಬಂದ ನೋಟ ಅಲ್ಲೇ ನಿಂತಿತು, ನೆಲಕ್ಕೆ ಬೀಳಲಿಲ್ಲ.

"ನನಗೆ ನೀವು ಬೇಕು," ಎಂದೆ. "ಅವನನ್ನು ಮರೀಲಿಕ್ಕೆ ಮಾತ್ರ ನನ್ನಿಂದ ಆಗುದಿಲ್ಲ."

"ನನ್ನಿಂದಲೂ ಆಗುದಿಲ್ಲ, ಮೆಲಿಸಾ."

"ಮನೆಯಲ್ಲಿ ಎಂತ ಹೇಳ್ತೀರಿ?"

ಅವನು ಒದ್ದೆ ಕೈಯನ್ನು ಮೂಸಿ ನೋಡಿಕೊಂಡ. ಕಣ್ಣು ತುಂಬಿತ್ತು. "ಮೊದಲು ಎಟ್ಟಿಯದ್ದು ಹೇಳ್ತೇನೆ. ಅದನ್ನು ಅಪ್ಪ ತಡ್ಕೊಂಡ್ರೆ ನಿಮ್ಮದು."

ನಾನು ನಕ್ಕೆ. ಒಳಗೆ, ಖಾಲಿ ತೊಟ್ಟಿಯ ಗಾಜು ಒರೆಸುತ್ತಿದ್ದ ಮಮ್ಮಿ, ಆ ನಗು ಕೇಳಿ, ಮಗನ ಹೆಸರು ಹಿಡಿದು ಅಳತೊಡಗಿದರು.